ಭಾನುವಾರ ಬಿಡುಗಡೆ, ಗುರುವಾರ ಸೇರ್ಪಡೆ

ರೆಮಿಜಿಯಸ್ ಕ್ವಾಡ್ರಸ್ ಒಂದು ವಿಷಯವನ್ನು ನೇರವಾಗಿ ಹೇಳಿದ್ದನ್ನು ಕೇಳಿದವರು ಕತಾರಿನಲ್ಲಿ ಯಾರೂ ಇರಲಿಲ್ಲ. ಅವನ ಊರು ಶಿರ್ವದಲ್ಲೂ ಇದ್ದಿರಲಿಕ್ಕಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಲೊರ್ನಾಳನ್ನು ನೋಡಲು ಅವಳ ಮನೆಗೆ ಹೋದವನು ಎರಡು ಗಂಟೆ ಕೂತು, ಬಾವಿಯ ನೀರು, ಬಸ್ಸಿನ ಸಮಯ, ಇಗರ್ಜಿಯ ಹೊಸ ಗಂಟೆ ಎಂದೆಲ್ಲ ಮಾತಾಡಿ, ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಿಮ್ಮ ಪಾಸ್‌ಪೋರ್ಟ್ ಎಷ್ಟರ ತನಕ ಉಂಟು?" ಎಂದು ಕೇಳಿದ್ದ. ಲೊರ್ನಾ ಚುರುಕು. ಅದೇ ಮದುವೆಯ ಪ್ರಸ್ತಾಪವೆಂದು ಅರ್ಥ ಮಾಡಿಕೊಂಡು, "ಇನ್ನೂ ಏಳು ವರ್ಷ ಉಂಟು" ಎಂದಳು. ಸಂಸಾರವೂ ಹಾಗೆಯೇ ನಡೆದುಬಂದಿತ್ತು. ಅವನು ಸುತ್ತಿ ಬಳಸಿ ಹೇಳುವುದು, ಅವಳು ನೆಟ್ಟಗೆ ಮಾಡಿ ಅರ್ಥ ಮಾಡಿಕೊಳ್ಳುವುದು.

ಇಂಥವನಿಗೆ ಸಿಕ್ಕಿದ ಕೆಲಸವೋ, ಆಟಗಾರರನ್ನು ಕರೆದು "ನಿನ್ನನ್ನು ತಂಡದಿಂದ ಬಿಟ್ಟಿದ್ದಾರೆ" ಎಂದು ಹೇಳುವುದು.

ತಂಡದ ಹೆಸರು ದೋಹಾ ಮರೈನರ್ಸ್. ಅಮೆರಿಕನ್ ಫುಟ್‌ಬಾಲ್ ಆಡುವ ವೃತ್ತಿಪರ ತಂಡ. ಹೆಸರಿಗೆ ಫುಟ್‌ಬಾಲ್, ಚೆಂಡು ಹೆಚ್ಚಾಗಿ ಕೈಯಲ್ಲೇ. ಕೊಲ್ಲಿಯ ಆರು ನಗರಗಳ ಆರು ತಂಡಗಳು ಸೇರಿ ಲೀಗ್ ಕಟ್ಟಿ ನಾಲ್ಕು ವರ್ಷವಾಗಿತ್ತು. ಮರೈನರ್ಸ್‌ನ ಮೈದಾನ, ಜಿಮ್, ಆಫೀಸು, ಆಟಗಾರರ ವಿಲ್ಲಾಗಳು ಎಲ್ಲ ದೇಶದ ಉತ್ತರದ ತುದಿಯ ಅಲ್ ಶಮಾಲಿನಲ್ಲಿ. ರೆಮಿಜಿಯಸ್ ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲಾಟಿನಿಂದ ದಿನಾ ಒಂದೂಕಾಲು ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದ. ಅವನ ಕೋಣೆಯ ಬಾಗಿಲಿಗೆ 'ಪ್ಲೇಯರ್ ಅಫೇರ್ಸ್' ಎಂಬ ಬೋರ್ಡು. ಒಳಗೆ ವೀಸಾ, ಕತಾರಿನಲ್ಲಿ ಇರಲು ಬೇಕಾದ ಐಡಿ, ಕರಾರು, ಮಕ್ಕಳ ಶಾಲೆಗೆ ಕೊಡುವ ಪತ್ರ, ಮತ್ತು ಬಿಡುಗಡೆ ಪತ್ರ.

ಬಿಡುಗಡೆ ಪತ್ರಗಳಲ್ಲಿ ಅರ್ಧಕ್ಕರ್ಧ ಲೈನ್‌ಮನ್‌ಗಳದ್ದು. ಲೈನ್‌ಮನ್ ಎಂದರೆ ಎದುರಿಗೆ ಸಾಲಾಗಿ ಬಗ್ಗಿ ನಿಲ್ಲುವ ಐವರು ದಢೂತಿಗಳು. ಅವರ ಹಿಂದೆ ಚೆಂಡು ಎಸೆಯುವವನೊಬ್ಬ ಇರುತ್ತಾನೆ; ಎದುರಾಳಿಗಳು ಅವನ ಮೈಮೇಲೆ ಬೀಳದಂತೆ ಎದೆ ಕೊಟ್ಟು ತಡೆಯುವುದು ಇವರ ಕೆಲಸ. ಚೆಂಡು ಹಿಡಿದು ಓಡುವುದಿಲ್ಲ, ಅಂಕ ಗಳಿಸುವುದಿಲ್ಲ. ಮೈಕಿನಲ್ಲಿ ಇವರ ಹೆಸರು ಕೇಳಿಸುವುದು ತಪ್ಪು ಮಾಡಿ ಸಿಕ್ಕಿಬಿದ್ದಾಗ ಮಾತ್ರ.

ತಂಡದ ಪಟ್ಟಿಯಲ್ಲಿ ನಲವತ್ತು ಹೆಸರಿಗಷ್ಟೇ ಜಾಗ. ಯಾರಿಗೋ ತೊಡೆ ಹಿಡಿದುಕೊಂಡಿತೆನ್ನಿ. ಬದಲಿ ಆಟಗಾರನನ್ನು ಕೂಡಲೇ ಕರೆಸಬೇಕು, ಆದರೆ ಗಾಯಾಳುವಿನ ಹೆಸರು ಪಟ್ಟಿಯಿಂದ ಹೊರಗೆ ಹೋಗಲು ನಾಲ್ಕು ದಿನ ಬೇಕು. ಆ ನಾಲ್ಕು ದಿನದ ಮಟ್ಟಿಗೆ ಇನ್ನೊಬ್ಬನನ್ನು ಬಿಡಬೇಕು. ಎಳೆಯನನ್ನು ಬಿಟ್ಟರೆ ಲೀಗ್‌ನ ನಿಯಮದಂತೆ ಬೇರೆ ಯಾವ ತಂಡವಾದರೂ ಅವನನ್ನು ಕೇಳದೆಯೇ ಎತ್ತಿಕೊಂಡು ಹೋಗಬಹುದು. ಅನುಭವಿಯನ್ನು ಬಿಟ್ಟರೆ ಹಾಗಲ್ಲ, ಅವನು ಒಪ್ಪಿದರೆ ಮಾತ್ರ. ಹಾಗಾಗಿ ಕೋಚ್ ಅನುಭವಿಯ ಕೈ ಕುಲುಕಿ, "ಎಲ್ಲಿಗೂ ಹೋಗಬೇಡ, ಗುರುವಾರ ವಾಪಸ್ ತೆಗೆದುಕೊಳ್ಳುತ್ತೇನೆ" ಎನ್ನುತ್ತಾನೆ. ಭಾನುವಾರ ಬಿಡುಗಡೆ, ಗುರುವಾರ ಸೇರ್ಪಡೆ, ಶುಕ್ರವಾರ ಮ್ಯಾಚ್. ಆ ಮಾತು ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಯಾರು ಹೆಚ್ಚು ನಂಬಿಕಸ್ಥನೋ ಅವನನ್ನೇ ಹೆಚ್ಚು ಸಲ ಹೊರಗೆ ಹಾಕುವ ಏರ್ಪಾಡು ಇದು. ಇದನ್ನು ಕಂಡುಹಿಡಿದವನಿಗೆ ಇಷ್ಟರವರೆಗೆ ಯಾರೂ ಎರಡು ಬಾರಿಸಿಲ್ಲ ಎಂಬುದೇ ಆಶ್ಚರ್ಯ.

ಮರೈನರ್ಸ್‌ನ ನಂಬಿಕಸ್ಥ ಡೆರಿಕ್. ಅಮೆರಿಕದ ಒಹಾಯೊದವನು, ಮೂವತ್ತನಾಲ್ಕು ವರ್ಷ, ನೂರ ನಲವತ್ತು ಕಿಲೋ. ಹೆಂಡತಿ ಮತ್ತು ಏಳು ವರ್ಷದ ಮಗಳ ಜೊತೆ ತಂಡದ ವಿಲ್ಲಾದಲ್ಲಿದ್ದ. ಈ ಸೀಸನ್ನಿನಲ್ಲೇ ಐದು ಸಲ ಬಿಡುಗಡೆಯಾಗಿ ಐದು ಸಲ ಸೇರಿದ್ದ. ಪ್ರತಿ ಸಲವೂ ರೆಮಿಜಿಯಸ್‌ನ ಎದುರಿನ ಕುರ್ಚಿಯನ್ನು ಕಿರುಗುಟ್ಟಿಸುತ್ತಾ ಕೂತು, ಸಹಿ ಹಾಕಿ, ಆಟದ ತಂತ್ರಗಳಿರುವ ಟ್ಯಾಬನ್ನು ಒಪ್ಪಿಸಿ, "ಗುರುವಾರ ಸಿಗೋಣ, ರೆಮಿ" ಎಂದು ನಗುತ್ತಿದ್ದ. ಆಮೇಲೆ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಮೈದಾನಕ್ಕೆ ಹೋಗಿ ಎಳೆಯ ಲೈನ್‌ಮನ್‌ಗಳಿಗೆ ಕಾಲು ಎಲ್ಲಿಡಬೇಕು, ಕೈ ಎಲ್ಲಿಡಬೇಕು ಎಂದು ಹೇಳಿಕೊಡುತ್ತಿದ್ದ. ರೆಮಿಜಿಯಸ್‌ಗೆ ಅವನೆಂದರೆ ಪ್ರೀತಿ. ಕೆಟ್ಟ ಸುದ್ದಿಯನ್ನು ಕೆಟ್ಟ ಸುದ್ದಿಯೆಂದು ತೆಗೆದುಕೊಳ್ಳದ ಏಕೈಕ ಆಟಗಾರ ಅವನು.

ಆರನೆಯ ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಮ್ಯಾನೇಜ್‌ಮೆಂಟಿನಿಂದ ಒಂದು ಮೇಲ್ ಬಂದಿತ್ತು. ಐದೇ ಸಾಲು. ಡೆರಿಕ್‌ನ ಬಿಡುಗಡೆ ಪತ್ರಕ್ಕೆ ಇಂದೇ ಸಹಿ ಹಾಕಿಸಿ. ಮರುಸೇರ್ಪಡೆ ಪತ್ರ ತಯಾರಿಸುವುದು ಬೇಡ. ಡೆರಿಕ್‌ನ ಜಾಗಕ್ಕೆ ಕೆನಡಾದಿಂದ ಬರುವ ಹೊಸ ಗಾರ್ಡ್ ಲೈನ್‌ಮನ್‌ನ ಮೆಡಿಕಲ್ ಗುರುವಾರ. ಅದು ಪಾಸಾದರೆ ಮುಂದಿನ ಭಾನುವಾರದಿಂದ ಡೆರಿಕ್‌ನ ಐಡಿ ರದ್ದತಿ ಶುರು ಮಾಡಿ. ಅಲ್ಲಿಯವರೆಗೆ ಆಟಗಾರನಿಗೆ ಏನೂ ತಿಳಿಸಬಾರದು.

ಅಂದರೆ ಕೆನಡಾದವನ ಮಂಡಿ ಸರಿಯಿಲ್ಲದಿದ್ದರೆ ಇರಲಿ ಎಂದು ಡೆರಿಕ್‌ನನ್ನು ಕರಾರಿಲ್ಲದೆ ಬಾಗಿಲಲ್ಲಿ ಕೂರಿಸಿಟ್ಟುಕೊಳ್ಳುವುದು. ರೆಮಿಜಿಯಸ್ ಮೇಲನ್ನು ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಡೆರಿಕ್ ಒಳಗೆ ಬಂದ.

"ಪೆನ್ ಕೊಡು, ರೆಮಿ" ಎಂದು ಕೂತ. ಸಹಿ ಹಾಕುತ್ತಲೇ ಹೇಳಿದ, "ಒಂದು ತಮಾಷೆ ಗೊತ್ತಾ? ಮಸ್ಕತ್ ತಂಡದವರು ಫೋನ್ ಮಾಡಿದ್ದರು. ಎರಡು ವರ್ಷದ ಕರಾರು ಕೊಡ್ತಾರಂತೆ. ಈ ವಯಸ್ಸಿನಲ್ಲಿ!"

ರೆಮಿಜಿಯಸ್‌ನ ಎದೆ ಹಗುರಾಯಿತು. "ಹೌದಾ? ಒಳ್ಳೆಯದಾಯಿತಲ್ಲ."

"ನಾಳೆ ನಾಲ್ಕು ಗಂಟೆಯೊಳಗೆ ಹೇಳಬೇಕು, ಆಮೇಲೆ ವಿಂಡೋ ಮುಚ್ಚುತ್ತದೆ. ಬೇಡ ಅಂತ ಹೇಳ್ತೇನೆ. ಮಗಳಿಗೆ ಇಲ್ಲಿಯ ಶಾಲೆ ಇಷ್ಟ. ಕೋಚ್ ಕೂಡ ಕೈ ಕುಲುಕಿದ್ದಾರೆ, ಗುರುವಾರ ಎಂದಿನಂತೆ."

ಬಿಟ್ಟ ತಂಡವೇ ತನ್ನ ಆಟಗಾರನನ್ನು ವಾಪಸ್ ಕರೆದುಕೊಳ್ಳಲು ಲೀಗ್‌ನಲ್ಲಿ ಗಡುವಿಲ್ಲ. ಲೀಗ್‌ನ ಬೇರೆ ತಂಡಕ್ಕೆ ಹೋಗುವ ವಿಂಡೋಗೆ ಮಾತ್ರ ಈ ಸೋಮವಾರ ಸಂಜೆ ನಾಲ್ಕೇ ಕೊನೆ. ಅದು ದಾಟಿದರೆ ಡೆರಿಕ್‌ಗೆ ಈ ಸೀಸನ್ ಮುಗಿಯಿತು. ಮೂವತ್ತೈದು ತುಂಬುವ, ಅರ್ಧ ಸೀಸನ್ ಮನೆಯಲ್ಲಿ ಕೂತ ಲೈನ್‌ಮನ್‌ನನ್ನು ಮುಂದಿನ ವರ್ಷ ಯಾರೂ ಕೇಳುವುದಿಲ್ಲ. ಇಷ್ಟೂ ರೆಮಿಜಿಯಸ್‌ಗೆ ಬಾಯಿಪಾಠ. "ಬೇಡ ಅನ್ನಬೇಡ" ಎನ್ನಲು ಎರಡೇ ಪದ ಸಾಕಿತ್ತು. ಆ ಮೇಲ್‌ನ ಕೊನೆಯ ಸಾಲು ನೆನಪಾಯಿತು. ಮಗಳು ಕ್ಯಾರೊಲ್ ಹನ್ನೆರಡನೆಯ ಕ್ಲಾಸಿನಲ್ಲಿರುವುದೂ ನೆನಪಾಯಿತು.

ಆಗ ಅವನಿಗೊಂದು ಉಪಾಯ ಹೊಳೆಯಿತು. ಅವನ ಮಟ್ಟಿಗೆ ಅದು ಬಹಳ ಒಳ್ಳೆಯ ಉಪಾಯ.

ಹನ್ನೊಂದು ವರ್ಷಗಳ ಹಿಂದೆ ರೆಮಿಜಿಯಸ್ ರಾಸ್ ಲಫಾನಿನ ಒಂದು ಗುತ್ತಿಗೆ ಕಂಪೆನಿಯಲ್ಲಿ ಟೈಮ್‌ಕೀಪರ್ ಆಗಿದ್ದ. ಅಲ್ಲಿಯ ಎಚ್.ಆರ್.ನಲ್ಲಿದ್ದ ಆಲ್ಬರ್ಟ್, ಪಕ್ಕದೂರು ಬೆಳ್ಮಣ್ಣಿನವನು, ಒಂದು ದಿನ ಏನೂ ಮಾತಾಡದೆ ಬಂದು ಇವನ ಮೇಜಿನ ಮೇಲೆ ಒಂದು ಕ್ಲಿಯರೆನ್ಸ್ ಫಾರ್ಮ್ ಇಟ್ಟು ಹೋದ. ಕ್ಲಿಯರೆನ್ಸ್ ಎಂದರೆ ಕೆಲಸ ಬಿಡುವವನು ಸ್ಟೋರು, ಮೆಸ್ಸು, ಕ್ಯಾಂಪು, ಕ್ಯಾಷಿಯರು ಎಂದು ಎಲ್ಲ ಕಡೆ ತಿರುಗಿ, ಇವನ ಹತ್ತಿರ ನಮ್ಮದೇನೂ ಬಾಕಿಯಿಲ್ಲ ಎಂದು ಸಹಿ ಹಾಕಿಸಿಕೊಂಡು ಬರುವ ಕಾಗದ. ಗಲ್ಫಿನಲ್ಲಿ ನಾಲ್ಕು ವರ್ಷ ಕಳೆದ ಯಾವನಿಗೂ ಆ ಕಾಗದ ಕಂಡರೆ ಸಾಕು, ತನ್ನ ಕೆಲಸ ಹೋಯಿತೆಂದು ಗೊತ್ತಾಗುತ್ತದೆ. ರೆಮಿಜಿಯಸ್‌ಗೆ ಕೂಡಲೇ ಅರ್ಥವಾಗಿತ್ತು. ನೋಟಿಸ್ ಕೈಗೆ ಬರುವ ಮೊದಲೇ ಬೇರೆ ಕೆಲಸ ಹುಡುಕಿಕೊಂಡಿದ್ದ. ಆಲ್ಬರ್ಟ್ ಬಾಯಿ ಬಿಟ್ಟಿರಲಿಲ್ಲ, ಯಾರೂ ಅವನನ್ನು ಹಿಡಿಯುವ ಹಾಗಿರಲಿಲ್ಲ, ಕೆಲಸವೂ ಆಗಿತ್ತು. ಇದಕ್ಕಿಂತ ಅಚ್ಚುಕಟ್ಟಾದ ಉಪಕಾರವನ್ನು ರೆಮಿಜಿಯಸ್ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಐದು ಸಲದ ಬಿಡುಗಡೆಯಲ್ಲಿ ಒಮ್ಮೆಯೂ ಡೆರಿಕ್‌ಗೆ ಕ್ಲಿಯರೆನ್ಸ್ ಕೊಟ್ಟಿರಲಿಲ್ಲ. ಗುರುವಾರ ವಾಪಸ್ ಬರುವವನಿಗೆ ಅದೇಕೆ? ಈಗ ರೆಮಿಜಿಯಸ್ ಡ್ರಾಯರಿನಿಂದ ಒಂದು ಫಾರ್ಮ್ ತೆಗೆದ. ಹನ್ನೊಂದು ಖಾನೆಗಳು. ಡೆರಿಕ್‌ನ ಮುಂದೆ ಇಟ್ಟು, ಅದರ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದ.

"ಇದನ್ನೂ ಮಾಡಿಬಿಡು" ಎಂದ. ಅವನ ಮುಖವನ್ನೇ ದಿಟ್ಟಿಸಿ ನೋಡಿ, "ಇವತ್ತೇ" ಎಂದು ಸೇರಿಸಿದ.

ಡೆರಿಕ್ ಫಾರ್ಮನ್ನು ನೋಡಿದ, ರೆಮಿಜಿಯಸ್‌ನನ್ನು ನೋಡಿದ. "ಸರಿ" ಎಂದು ಗಂಭೀರವಾಗಿ ತಲೆಯಾಡಿಸಿ ಎದ್ದು ಹೋದ.

ಅಂದು ಮನೆಗೆ ಹೋಗುವಾಗ ರೆಮಿಜಿಯಸ್ ಕಾರಿನಲ್ಲಿ ಒಬ್ಬನೇ ಹಾಡು ಗುನುಗಿದ. ಬಾಯಿಂದ ಒಂದಕ್ಷರ ಹೊರಟಿಲ್ಲವೆಂದು ಬೇಕಾದರೆ ಇಗರ್ಜಿಯಲ್ಲಿ ನಿಂತೂ ಹೇಳಬಹುದಿತ್ತು. ಮನುಷ್ಯ ತನ್ನ ಪುಕ್ಕಲುತನಕ್ಕೆ ಜಾಣತನ ಎಂದು ಹೆಸರಿಟ್ಟುಕೊಂಡಾಗ ಸಿಗುವ ಸಮಾಧಾನ ಇದೆಯಲ್ಲ, ಅದಕ್ಕೆ ಸಾಟಿಯಿಲ್ಲ.

ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಸ್ಟೋರ್‌ಕೀಪರ್ ಯಜ್ಞೇಶ್ ಚಹಾ ಹಿಡಿದುಕೊಂಡು ಬಂದ. ಬ್ರಹ್ಮಾವರದವನು, ಹೆಲ್ಮೆಟ್ಟು, ಪ್ಯಾಡು, ಜೆರ್ಸಿಗಳ ಲೆಕ್ಕ ಅವನದು.

"ಎಂತ ಮಾರಾಯ್ರೆ, ಡೆರಿಕ್‌ಗೆ ಕ್ಲಿಯರೆನ್ಸ್ ಕೊಟ್ಟದ್ದಾ ನೀವು?"

"ಯಾಕೆ?"

"ಎಲ್ಲ ಕಡೆ ಸೈನ್ ಹಾಕಿಸ್ಕೊಂಡು ತಿರುಗ್ತಾ ಇದ್ದಾನೆ. ಮೆಸ್ಸಿನ ಫೋರ್‌ಮನ್ ಹತ್ರ ಸೆಲ್ಫಿ ಬೇರೆ ತೆಗೆಸ್ಕೊಂಡ. ನಾನು ಕೇಳಿದೆ, ಖಲಾಸಾ ಹಾಗಾದ್ರೆ ಅಂತ. ಅವ ಎಂತ ಹೇಳಿದ ಗೊತ್ತುಂಟಾ? ರೆಮಿ ಯಾವುದೋ ಹೊಸ ಫಾರ್ಮ್ ತಂದಿದ್ದಾರೆ, ಗುರುವಾರದ ಮೊದಲು ಮುಗಿಸಿ ಕೊಟ್ರೆ ಅವರಿಗೆ ಕೆಲ್ಸ ಸುಲಭ ಆಗ್ತದೆ, ಪಾಪ, ಅಂತ. ನಿಮ್ಗೆ ಹೆಲ್ಪ್ ಮಾಡುದಂತೆ ಅವ!"

ರೆಮಿಜಿಯಸ್ ಎದ್ದು ನಿಂತ. "ಮಸ್ಕತ್ ವಿಷಯ ಎಂತಾದ್ರೂ ಹೇಳಿದ್ನಾ?"

"ಬೇಡ ಅಂತ ಹೇಳಿ ಆಯ್ತಂತೆ. ಈಗ ಊಟಕ್ಕೆ ಮೊದ್ಲು."

ಗಡಿಯಾರದಲ್ಲಿ ಎರಡೂ ಐವತ್ತು. ಒಹಾಯೊದ ಮನುಷ್ಯನಿಗೆ ಕ್ಲಿಯರೆನ್ಸ್ ಫಾರ್ಮ್ ಎಂದರೆ ಬರೀ ಒಂದು ಫಾರ್ಮ್ ಎಂಬುದು ಆಗ, ಅಷ್ಟು ತಡವಾಗಿ, ರೆಮಿಜಿಯಸ್‌ನ ತಲೆಗೆ ಹೋಯಿತು. ಆಲ್ಬರ್ಟ್ ಕೊಟ್ಟದ್ದು ಬೆಳ್ಮಣ್ಣಿನವನು ಶಿರ್ವದವನಿಗೆ ಕೊಟ್ಟದ್ದು. ತಾನು ಅದನ್ನೇ ಊರೇ ಬೇರೆಯಾದವನ ಮುಂದೆ ಇಟ್ಟು, ತಟ್ಟಿ, ದಿಟ್ಟಿಸಿ ನೋಡಿದ್ದ. ಅವನು ಜಿಮ್ಮಿನ ಕಡೆಗೆ ಓಡಿದ.

ಡೆರಿಕ್ ಜಿಮ್ಮಿನ ಹಿಂದಿನ ಕೋಣೆಯಲ್ಲಿ ಐಸ್ ತುಂಬಿದ ತೊಟ್ಟಿಯಲ್ಲಿ ಎದೆಯ ತನಕ ಮುಳುಗಿ ಕೂತಿದ್ದ. ಪಟ್ಟಿಯಲ್ಲಿಲ್ಲದ ದಿನವೂ ಮೈದಾನಕ್ಕಿಳಿದು ಮೈನೋವು ಮಾಡಿಕೊಂಡಿದ್ದ. ಪಕ್ಕದ ಬೆಂಚಿನ ಮೇಲೆ ಫಾರ್ಮ್ ಇತ್ತು, ಒದ್ದೆಯಾಗದಂತೆ ಟವೆಲ್ಲಿನ ಮೇಲೆ.

"ಒಂಬತ್ತು ಆಯಿತು, ಇನ್ನೆರಡು ಬಾಕಿ" ಎಂದ ಡೆರಿಕ್ ಹಲ್ಲು ಕಡಿಯುತ್ತಾ ನಗುತ್ತಾ.

"ಡೆರಿಕ್, ಗುರುವಾರ ನಿನ್ನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ."

ಐವತ್ತೊಂದು ವರ್ಷದಲ್ಲಿ ಮೊದಲ ಸಲ ಅಂಥ ವಾಕ್ಯ ಅವನ ಬಾಯಿಂದ ಹೊರಟಿತ್ತು. ಹೇಳಿ ಮುಗಿದ ಮೇಲೂ ಅವನಿಗೆ ಅದು ಬೇರೆ ಯಾರೋ ಹೇಳಿದ್ದೆನಿಸಿತು.

"ಕೋಚ್ ಕೈ ಕುಲುಕಿದ್ದಾರೆ" ಎಂದ ಡೆರಿಕ್.

"ಗೊತ್ತು. ಕೆನಡಾದಿಂದ ಹೊಸ ಗಾರ್ಡ್ ಬರುತ್ತಿದ್ದಾನೆ. ಅವನ ಮೆಡಿಕಲ್ ಗುರುವಾರ. ಅವನು ಫೇಲಾದರೆ ಮಾತ್ರ ನೀನು. ಪಾಸಾದರೆ ಭಾನುವಾರದಿಂದ ನಿನ್ನ ಐಡಿ ರದ್ದು ಮಾಡಲು ನನಗೆ ಹೇಳಿದ್ದಾರೆ." ಡೆರಿಕ್ ಇನ್ನೂ ನಂಬದೆ ನೋಡುತ್ತಿದ್ದುದರಿಂದ ರೆಮಿಜಿಯಸ್ ಫೋನ್ ತೆಗೆದು ಮೇಲನ್ನು ಓದಿ ಹೇಳಿದ. ಕೊನೆಯ ಸಾಲನ್ನೂ ಬಿಡಲಿಲ್ಲ.

ಡೆರಿಕ್ ತೊಟ್ಟಿಯಲ್ಲಿ ನೆಟ್ಟಗೆ ಕೂತ. "ಇದು ಯಾವಾಗ ಬಂದದ್ದು?"

"ನಿನ್ನೆ ಬೆಳಿಗ್ಗೆ. ನೀನು ಬರುವ ಮೊದಲು."

"ನಾನು ಮಸ್ಕತ್ ವಿಷಯ ಹೇಳುವಾಗ ನಿನಗೆ ಗೊತ್ತಿತ್ತು?"

"ಗೊತ್ತಿತ್ತು. ಅದಕ್ಕೇ ಆ ಫಾರ್ಮ್ ಕೊಟ್ಟೆ. ನಮ್ಮಲ್ಲಿ ಅದನ್ನು ಕೊಟ್ಟರೆ..." ರೆಮಿಜಿಯಸ್ ನಿಲ್ಲಿಸಿದ. ವಿವರಿಸಲು ಹೊರಟರೆ ತಾನೇ ನಗೆಪಾಟಲಾಗುವ ಮಾತು. "ನಿನಗೆ ಅರ್ಥವಾಗುತ್ತದೆ ಅಂದುಕೊಂಡೆ. ನನ್ನ ತಪ್ಪು. ಈಗ ಮೂರು ಗಂಟೆ. ಮಸ್ಕತ್‌ಗೆ ಫೋನ್ ಮಾಡು."

ಡೆರಿಕ್ ಎದ್ದ. ತೊಟ್ಟಿಯ ಅರ್ಧ ನೀರು ನೆಲಕ್ಕೆ ಬಿತ್ತು. ಒದ್ದೆ ಕೈಯಿಂದ ಫೋನ್ ಒತ್ತಲಾಗದೆ ಎರಡು ಸಲ ತಪ್ಪಿತು. ರೆಮಿಜಿಯಸ್ ತನ್ನ ಕರ್ಚೀಫಿನಿಂದ ಪರದೆ ಒರೆಸಿ, ನಂಬರು ಹುಡುಕಿ, ಸ್ಪೀಕರಿಗೆ ಹಾಕಿ ಹಿಡಿದುಕೊಂಡ.

ಮಸ್ಕತ್‌ನ ಮ್ಯಾನೇಜರ್ ಸಭ್ಯನಾಗಿಯೇ ಮಾತಾಡಿದ. "ಛೆ, ಡೆರಿಕ್. ನೀನು ಬೇಡ ಎಂದ ಮೇಲೆ ರಿಯಾದ್‌ನ ಹುಡುಗನಿಗೆ ಹೂಂ ಅಂದುಬಿಟ್ಟೆ. ಎರಡು ವರ್ಷದ ಜಾಗ ಅವನಿಗೆ ಹೋಯಿತು. ನನ್ನ ಹತ್ತಿರ ಈಗ ಬದಲಿಯವನ ಜಾಗ ಒಂದಿದೆ, ಈ ಸೀಸನ್ ಮುಗಿಯುವ ತನಕ. ಒಂಬತ್ತು ವಾರ. ಬೇಕಾ?"

ಡೆರಿಕ್ ಫೋನಿನತ್ತ ಬಗ್ಗಿದ. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ರೆಮಿಜಿಯಸ್‌ಗೆ ಅಲ್ಲಿಂದ ಓಡಿಹೋಗಬೇಕೆನಿಸಿತು, ಆದರೆ ಫೋನ್ ಅವನ ಕೈಯಲ್ಲಿತ್ತು.

"ಬೇಕು" ಎಂದ ಡೆರಿಕ್.

ಕರಾರು ಫೋನಿಗೆ ಬಂತು. ರೆಮಿಜಿಯಸ್ ಪ್ರತಿ ಪುಟವನ್ನೂ ಓದಿ ಹೇಳಿದ, ಯಾವ ಖಾನೆಯಲ್ಲಿ ಸಹಿ ಎಂದು ತೋರಿಸಿದ, ಲೀಗ್‌ನ ಪೋರ್ಟಲಿಗೆ ತಾನೇ ಕೂತು ಏರಿಸಿದ. ಮೂರೂ ಐವತ್ತೊಂದಕ್ಕೆ ಸ್ವೀಕೃತಿ ಬಂತು. ಎರಡು ವರ್ಷ ಕುಗ್ಗಿ ಒಂಬತ್ತು ವಾರವಾಗಿತ್ತು. ನಡುವೆ ಹೋದದ್ದೆಲ್ಲ ರೆಮಿಜಿಯಸ್‌ನ ಜಾಣತನಕ್ಕೆ ಹೋದದ್ದು.

ಡೆರಿಕ್ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತ. ಸಿಟ್ಟಿನ ಮಾತು ಬರುತ್ತದೆಂದು ರೆಮಿಜಿಯಸ್ ಕಾದ, ಬಂದಿದ್ದರೆ ಒಳ್ಳೆಯದಿತ್ತು.

"ನೀನು ಒಳ್ಳೆಯವನು, ರೆಮಿ. ಆದರೆ ನಿನ್ನೆಯೇ ಹೇಳಬೇಕಿತ್ತು" ಎಂದ ಡೆರಿಕ್. ಆಮೇಲೆ ಹೆಂಡತಿಗೆ ಫೋನ್ ಮಾಡುತ್ತಾ ಹೋದ.

ಮಂಗಳವಾರ ಬೆಳಿಗ್ಗೆ ಹೆಡ್ ಕೋಚ್ ರೆಮಿಜಿಯಸ್‌ನನ್ನು ಕರೆಸಿದ. ಕೋಚ್ ಕೂಗಾಡುವ ಜಾತಿಯವನಲ್ಲ. ಗೋಡೆಯ ಬೋರ್ಡಿನಲ್ಲಿ ಅಯಸ್ಕಾಂತದ ಬಿಲ್ಲೆಗಳಿಗೆ ಆಟಗಾರರ ಹೆಸರು ಬರೆದು ಅಂಟಿಸಿದ್ದ. ಡೆರಿಕ್‌ನ ಬಿಲ್ಲೆ ಕೋಚ್‌ನ ಬೆರಳುಗಳ ನಡುವೆ ತಿರುಗುತ್ತಿತ್ತು.

"ಗುರುವಾರ ಕೆನಡಾದವನ ಮಂಡಿ ಕೈಕೊಟ್ಟರೆ ನನಗೆ ಎಡಗಡೆ ನಿಲ್ಲಲು ಯಾರೂ ಇಲ್ಲ. ಡೆರಿಕ್‌ಗೆ ಯಾರು ಹೇಳಿದ್ದು? ನೀನಾ?"

ಇಗರ್ಜಿಯಲ್ಲಿ ನಿಂತು ಹೇಳಬಹುದಾಗಿದ್ದ ವಾಕ್ಯ ಈಗ ಉಳಿದಿರಲಿಲ್ಲ. "ನಾನೇ, ಸರ್" ಎಂದ ರೆಮಿಜಿಯಸ್. "ಭಾನುವಾರ ಹೇಳಬೇಕಿತ್ತು. ಸೋಮವಾರ ಹೇಳಿದೆ."

ಕೋಚ್ ಅವನನ್ನು ವಿಚಿತ್ರವಾಗಿ ನೋಡಿದ. ಬಿಲ್ಲೆಯನ್ನು ಮೇಜಿನ ಡ್ರಾಯರಿಗೆ ಹಾಕಿದ. ಆಮೇಲೆ ದನಿಯನ್ನು ಬಹಳ ಮೃದು ಮಾಡಿ ಮಾತಾಡಿದ. "ನೋಡು ರೆಮಿ, ಕೆನಡಾದವನು ನಾಳೆ ಇಳಿಯುತ್ತಾನೆ. ಅವನ ವೀಸಾ, ಮೆಡಿಕಲ್, ಐಡಿ ಎಲ್ಲ ಗುರುವಾರ ಮಧ್ಯಾಹ್ನದೊಳಗೆ ಆಗಬೇಕು. ಅದು ನಿನ್ನಿಂದ ಮಾತ್ರ ಸಾಧ್ಯ. ಮೊದಲು ಅದನ್ನು ಮುಗಿಸು. ನಿನ್ನ ವಿಷಯ ಶುಕ್ರವಾರದ ಮ್ಯಾಚ್ ಆದ ಮೇಲೆ ನೋಡೋಣ. ಚಿಂತೆ ಮಾಡಬೇಡ." ಎದ್ದು ಬಂದು ಕೈ ಚಾಚಿದ.

ರೆಮಿಜಿಯಸ್ ಆ ಕೈಯನ್ನು ಕುಲುಕಿದ. ಬೆಚ್ಚಗಿನ, ಗಟ್ಟಿಯಾದ, ಬಹಳ ಒಳ್ಳೆಯ ಕೈ. ಡೆರಿಕ್ ಆರು ಸಲ ನಂಬಿದ್ದರಲ್ಲಿ ತಪ್ಪೇನೂ ಇಲ್ಲವೆನಿಸಿತು.

ಅವನು ತನ್ನ ಕೋಣೆಗೆ ಹೋಗಲಿಲ್ಲ. ಪಾರ್ಕಿಂಗಿಗೆ ಹೋಗಿ, ಬಿಸಿಲಿಗೆ ಕಾದ ಕಾರಿನ ಪಕ್ಕ ನಿಂತು, ಲೊರ್ನಾಳಿಗೆ ಫೋನ್ ಮಾಡಿದ. ಅವಳು ಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಆ ಹೊತ್ತಿಗೆ ಅವನು ಫೋನ್ ಮಾಡಿದವನೇ ಅಲ್ಲ.

"ಲೊರ್ನಾ, ನನ್ನ ಕೆಲ್ಸ ಹೋಗ್ತದೆ."

ಇಪ್ಪತ್ತು ವರ್ಷದ ಅಭ್ಯಾಸದಂತೆ ಅವಳು ಆ ಮಾತಿನ ಒಳಗಿನ ಅರ್ಥ ಹುಡುಕಿದಳು.

"ಎಂತ ಹೇಳ್ಲಿಕ್ಕೆ ಹೊರಟದ್ದು ನೀವು?"

"ಅದೇ. ಕೆಲ್ಸ ಹೋಗ್ತದೆ. ಶುಕ್ರವಾರ ಕಳೆದ ಮೇಲೆ."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಇವ್ರು ಹೇಳುವ ತನಕ ಕಾಯುದಿಲ್ಲ ನಾನು."

ಆಮೇಲೆ ಅವನು ಡೆರಿಕ್‌ನ ವಿಷಯವನ್ನು ಮೊದಲಿನಿಂದ ಹೇಳಿದ. ಮೇಲ್ ಬಂದದ್ದು, ತಾನು ಹೆದರಿದ್ದು, ಫಾರ್ಮ್ ಕೊಟ್ಟದ್ದು, ಎರಡು ವರ್ಷ ಹೋಗಿ ಒಂಬತ್ತು ವಾರವಾದದ್ದು. ಎಲ್ಲೂ ಬಾವಿಯ ನೀರಿಗೋ ಬಸ್ಸಿನ ಸಮಯಕ್ಕೋ ಹೋಗಲಿಲ್ಲ. ಲೊರ್ನಾ ನಡುವೆ ಬಾಯಿ ಹಾಕದೆ ಕೇಳಿದಳು.

"ಪಾಪ, ಆ ಮನುಷ್ಯನಿಗೆ ಅನ್ಯಾಯ ಆಯ್ತು ನಿಮ್ಮಿಂದ" ಎಂದಳು.

"ಹೌದು."

"ಕ್ಯಾರೊಲ್‌ಗೆ ಫೆಬ್ರವರಿಯಲ್ಲಿ ಪರೀಕ್ಷೆ. ಅಲ್ಲಿ ತನಕ ಇಲ್ಲಿ ಇರ್ಲೇಬೇಕು ನಾವು. ಇವತ್ತೇ ಸುರು ಮಾಡಿ. ಗುರ್ತದವರಿಗೆಲ್ಲ ಫೋನ್ ಮಾಡಿ ಬಾಯಿಬಿಟ್ಟು ಕೇಳಿ. ಹೇಗಿದ್ದೀರಿ, ಊರಲ್ಲಿ ಮಳೆ ಹೇಗೆ ಅಂತೆಲ್ಲ ಕೇಳ್ತಾ ಕೂತ್ಕೊಳ್ಬೇಡಿ."

ರೆಮಿಜಿಯಸ್ ಫೋನಿನ ಪಟ್ಟಿ ತೆರೆದು ಮೇಲಿನಿಂದ ಮೊದಲ ಹೆಸರನ್ನು ಒತ್ತಿದ. ಓಲ್ಡ್ ಏರ್‌ಪೋರ್ಟಿನಲ್ಲಿ ಲೇಬರ್ ಸಪ್ಲೈ ಕಂಪೆನಿ ನಡೆಸುವ ಒಬ್ಬರು, ಪರಿಚಯ ಅಷ್ಟಕ್ಕಷ್ಟೆ. ಆ ಕಡೆಯವರು ಹಲೋ ಎಂದು ಮುಗಿಸುವ ಮೊದಲೇ "ನನಗೊಂದು ಕೆಲ್ಸ ಬೇಕು" ಎಂದುಬಿಟ್ಟ. ಯಾರು ಮಾತಾಡುತ್ತಿರುವುದೆಂದು ಅವರೇ ಕೇಳಬೇಕಾಯಿತು.